ಸಹಿ ಇಲ್ಲದ ಝುಂಬರಿಗೆ ಬೆಲೆ ಕಟ್ಟೋರು ಯಾರು?

ಬೆಳಗಾವಿ ಸುತ್ತಮುತ್ತ ಹಳೇ ಗಾಜಿನ ಸಾಮಾನಿಗೆ ಎರಡೇ ಹೆಸರು. ಮಾರೋರ ಬಾಯಲ್ಲಿ ಅದು ‘ಬೆಲ್ಜಿಯಂ ಗ್ಲಾಸ್’, ಕೊಳ್ಳೋರ ಬಾಯಲ್ಲಿ ‘ಮೋಡಕಾ’. ಕನ್ನಡಿ ಇರಲಿ, ಹಂಡಿ ದೀಪ ಇರಲಿ, ಬಣ್ಣದ ಗಾಜಿನ ಝುಂಬರ್ ಇರಲಿ, ಈ ಎರಡು ಮಾತಿನ ನಡುವೆಯೇ ನಮ್ಮ ಹಳೇ ಮನೆಗಳ ಸಾಮಾನು ಕೈ ಬದಲಾಗುತ್ತಿದೆ. ಅದರ ಮೇಲೆ ತಯಾರಿಸಿದವರ ಸಹಿಯೋ ಮುದ್ರೆಯೋ ಇಲ್ಲದಿದ್ದರಂತೂ ಮುಗೀತು, ಯಾರ ದನಿ ಜೋರೋ ಅವರು ಹೇಳಿದ್ದೇ ಬೆಲೆ.

ನನ್ನ ವಾದ ಇಷ್ಟು. ಸಹಿ ಇಲ್ಲದ ವಸ್ತುವಿಗೆ ಬೆಲೆ ಕಟ್ಟೋ ಕೆಲಸದಲ್ಲಿ ಎರಡು ಭಾಗ ಇವೆ. ಮೊದಲನೆಯದು ಅಳತೆಯ ಕೆಲಸ. ಅದು ನಮಗೆ, ಅಂದರೆ ಎಂಜಿನಿಯರಿಂಗ್ ಓದೋ ಹುಡುಗ ಹುಡುಗಿಯರಿಗೆ ಬರುತ್ತದೆ. ಎರಡನೆಯದು ಮಾರುಕಟ್ಟೆಯ ಕೆಲಸ. ಅದು ನಮಗೆ ಬರಲ್ಲ, ಬರುತ್ತದೆ ಅಂತ ನಟಿಸಲೂಬಾರದು. ಆದರೆ ಮೊದಲ ಭಾಗವನ್ನು ನಾವು ನೆಟ್ಟಗೆ ಮಾಡಿಕೊಟ್ಟರೆ, ಎರಡನೇ ಭಾಗದಲ್ಲಿ ನಮ್ಮ ಮನೆಯವರು ಮೋಸ ಹೋಗೋದು ಬಹಳ ಕಡಿಮೆಯಾಗುತ್ತದೆ.

ಈ ಮಾತು ಬಂದದ್ದು ಒಂದು ವಾಟ್ನಿಯಿಂದ. ನಮ್ಮ ಬ್ಯಾಚಿನ ಗೆಳೆಯನೊಬ್ಬನ ಹಳೇ ಮನೆ ಖಾನಾಪುರ ತಾಲ್ಲೂಕಿನಲ್ಲಿದೆ, ಜಾಂಬೋಟಿ ಕಡೆ. ಅವನ ಅಪ್ಪ ಮತ್ತು ಇಬ್ಬರು ಕಾಕಾಗಳ ನಡುವೆ ಮನೆ ಭಾಗವಾಗುತ್ತಿತ್ತು. ಹೊಲಕ್ಕೆ ಅಳತೆ ಇದೆ, ಬಂಗಾರಕ್ಕೆ ದಿನದ ರೇಟು ಇದೆ, ಪಾತ್ರೆಗೆ ತೂಕ ಇದೆ. ಪಡಸಾಲೆಯಲ್ಲಿ ತೂಗುತ್ತಿದ್ದ ಬಣ್ಣದ ಗಾಜಿನ ಝುಂಬರಿಗೆ ಮಾತ್ರ ಯಾವುದೂ ಇರಲಿಲ್ಲ. ಬೋರಲು ಬುಟ್ಟಿಯಂಥ ಗಾಜಿನ ಗುಮ್ಮಟ, ಅದರ ಅಂಚಿಗೆ ಸಾಲಾಗಿ ಲೋಲಕಗಳು, ಮೇಲೆ ಹಿತ್ತಾಳೆ ಸರಪಳಿ. ಕ್ಯಾಂಪಿನಲ್ಲಿ ಯಾವುದೋ ಬಂಗಲೆ ಖಾಲಿಯಾದಾಗ ಮುತ್ತಜ್ಜ ಲಿಲಾವಿನಲ್ಲಿ ಹಿಡಿದದ್ದು ಅಂತ ಮನೆಯ ಮಾತು. ಒಂದು ಚೀಟಿಯೂ ಇಲ್ಲ.

ಮೋಡಕಾದವನು ಬಂದು ಹಿತ್ತಾಳೆಯ ತೂಕ ಅಂದಾಜು ಮಾಡಿ ಒಂಬತ್ತು ಸಾವಿರ ಅಂದ. ಪುಣೆಯಲ್ಲಿರೋ ಅಣ್ಣನೊಬ್ಬ ಫೋನಿನಲ್ಲಿ ಅಂಥದ್ದೇ ದೀಪ ಹುಡುಕಿ, ‘ಟಿಫಾನಿ ಇದು, ಒಂಬತ್ತು ಲಕ್ಷ’ ಅಂದ. ಅಲ್ಲಿಂದ ಜಗಳ ಶುರು. “ಒಂಬತ್ತ ಸಾವಿರದ್ದು ಅಂದ್ರ ನಾನಾ ಇಟ್ಕೊಂತೇನಿ, ಒಂಬತ್ತ ಲಕ್ಷದ್ದು ಅಂದ್ರ ನೀವಾ ಇಟ್ಕೊಳ್ರಿ, ನನ್ನ ಪಾಲು ರೊಕ್ಕದಾಗ ಕೊಡ್ರಿ” ಅಂತ ಸಣ್ಣ ಕಾಕಾ. ಅವರ ಲೆಕ್ಕ ತಪ್ಪೇನಲ್ಲ. ವಸ್ತು ಯಾವುದು ಅಂತಲೇ ಗೊತ್ತಿಲ್ಲದಾಗ ಎಲ್ಲರೂ ಹಾಗೇ ಯೋಚಿಸುತ್ತಾರೆ. ಹದಿನೈದು ದಿನ ಅಣ್ಣತಮ್ಮಂದಿರ ನಡುವೆ ಮಾತು ನಿಂತಿತ್ತು.

ಮೊದಲು ಆ ಟಿಫಾನಿ ಮಾತನ್ನು ನೋಡೋಣ. ಲೂಯಿ ಕಂಫರ್ಟ್ ಟಿಫಾನಿ (1848–1933) ನ್ಯೂಯಾರ್ಕಿನವರು. ಬಣ್ಣದ ಗಾಜಿನ ಸಣ್ಣ ಸಣ್ಣ ತುಂಡುಗಳ ಅಂಚಿಗೆ ತೆಳು ತಾಮ್ರದ ಪಟ್ಟಿ ಸುತ್ತಿ, ಅವನ್ನೆಲ್ಲ ಸೋಲ್ಡರಿನಿಂದ ಬೆಸೆದು ಮಾಡಿದ ಅವರ ಸಂಸ್ಥೆಯ ದೀಪಗಳಲ್ಲಿ ಕೆಲವು ಇವತ್ತು ಹರಾಜಿನಲ್ಲಿ ಕೋಟಿಗಟ್ಟಲೆ ಬೆಲೆಗೆ ಹೋಗುತ್ತವೆ. ಟಿಫಾನಿ ಸ್ಟುಡಿಯೋಸ್ 1932ರಲ್ಲಿ ದಿವಾಳಿಯಾಯಿತು. ಆದರೆ ಆ ವಿಧಾನ ಅವರೊಬ್ಬರ ಸ್ವತ್ತಾಗಿ ಉಳಿಯಲಿಲ್ಲ. ಅದೇ ಕಾಲದಲ್ಲಿ ಅಮೆರಿಕದ ಬೇರೆ ಕಂಪನಿಗಳೂ ಅಂಥ ದೀಪ ಮಾಡಿದವು, ಅದರಲ್ಲಿ ಎಷ್ಟಕ್ಕೋ ಸಹಿ ಇಲ್ಲ. ಇವತ್ತಿಗೂ ಹವ್ಯಾಸಿಗಳು ಮನೆಯಲ್ಲೇ ಮಾಡುತ್ತಾರೆ, ಚೀನಾದ ಕಾರ್ಖಾನೆಗಳಿಂದ ರಾಶಿ ರಾಶಿ ಬರುತ್ತವೆ. ಅಂಗಡಿಯವರು ಎಲ್ಲದಕ್ಕೂ ‘ಟಿಫಾನಿ ಸ್ಟೈಲ್’ ಅಂತ ಬರೀತಾರೆ. ಫೋನಿನ ಸ್ಕ್ರೀನಿನಿಂದ ಪಡಸಾಲೆಗೆ ಬರೋದರೊಳಗೆ ‘ಸ್ಟೈಲ್’ ಉದುರಿ ‘ಟಿಫಾನಿ’ ಮಾತ್ರ ಉಳಿದಿರುತ್ತದೆ.

ಸಹಿ ಇದ್ದರೆ ಎಲ್ಲ ಸರಿಹೋಗುತ್ತದೆ ಅನ್ನೋದೂ ಅರ್ಧ ಸತ್ಯ. ಸಣ್ಣ ತಗಡಿನ ಮೇಲೆ ಹೆಸರು ಒತ್ತಿ ಒಳಗಡೆ ಬೆಸೆಯೋದು ಏನೂ ಕಷ್ಟವಲ್ಲ. ಖೋಟಾ ಟಿಫಾನಿ ಮುದ್ರೆಗಳು ಮಾರುಕಟ್ಟೆಯಲ್ಲಿ ಬಹಳ ದಿನದಿಂದ ಇವೆ. ಇನ್ನು ಅಸಲಿ ಮುದ್ರೆಯೂ ಕೆಲಸ ಮಾಡಿದವರ ಹೆಸರನ್ನು ಹೇಳೋದಿಲ್ಲ. ಟಿಫಾನಿಯ ಹೆಸರಾಂತ ದೀಪಗಳಲ್ಲಿ ಹಲವನ್ನು ವಿನ್ಯಾಸ ಮಾಡಿದ್ದು ಕ್ಲಾರಾ ಡ್ರಿಸ್ಕಾಲ್ ಎಂಬ ಹೆಣ್ಣುಮಗಳು, ಅಲ್ಲಿನ ಮಹಿಳಾ ಗಾಜು ಕತ್ತರಿಸುವ ವಿಭಾಗದ ಮುಖ್ಯಸ್ಥೆ. ಅವರು ಮನೆಯವರಿಗೆ ಬರೆದ ಪತ್ರಗಳು ಸಿಕ್ಕ ಮೇಲೆ, 2007ರಲ್ಲಿ ನ್ಯೂಯಾರ್ಕ್ ಹಿಸ್ಟಾರಿಕಲ್ ಸೊಸೈಟಿ ಪ್ರದರ್ಶನ ಮಾಡಿದಾಗಲೇ ಜಗತ್ತಿಗೆ ಇದು ಸರಿಯಾಗಿ ಗೊತ್ತಾಗಿದ್ದು. ನೂರು ವರ್ಷ ಆ ದೀಪಗಳ ಮೇಲೆ ಹೆಸರು ಇತ್ತು, ಮಾಡಿದವರು ಯಾರು ಅನ್ನೋದು ಇರಲಿಲ್ಲ.

ಇನ್ನು ‘ಬೆಲ್ಜಿಯಂ’. 1880ರ ದಶಕದ ಕೊನೆಯ ಹೊತ್ತಿಗೆ ರೈಲು ಬೆಳಗಾವಿಗೂ ಬಂತು, ಲೋಂಡಾ ದಾರಿಯಾಗಿ ಮಾರ್ಮಗೋವಾ ಬಂದರಿಗೂ ಸೇರಿತು. ಲೋಂಡಾ ಇರೋದು ಖಾನಾಪುರ ತಾಲ್ಲೂಕಿನಲ್ಲೇ. ಅಂದರೆ ಹಡಗಿನಲ್ಲಿ ಬಂದ ಗಾಜು ಈ ಊರುಗಳಿಗೆ ಒಡೆಯದೆ ತಲುಪೋ ದಾರಿ ಆಗಲೇ ಇತ್ತು. ಅದು ಬೆಲ್ಜಿಯಂದೂ ಆಗಿರಬಹುದು, ಇಂಗ್ಲೆಂಡಿನದು, ಬೊಹೀಮಿಯಾದ್ದೂ ಆಗಿರಬಹುದು. ದೇಶದೊಳಗೂ ಗಾಜು ತಯಾರಾಗುತ್ತಿತ್ತು. ಪ್ರಭಾಕರ್ ಕಂದೀಲು ಮಾಡಿ ಹೆಸರಾದ ಓಗಲೆ ಗಾಜಿನ ಕಾರ್ಖಾನೆ ಕರಾಡದ ಹತ್ತಿರ ಓಗಲೆವಾಡಿಯಲ್ಲಿತ್ತು, ಫಿರೋಜಾಬಾದಿನಲ್ಲಿ ಇವತ್ತಿಗೂ ಝುಂಬರ್ ಮಾಡುತ್ತಾರೆ. ಇಷ್ಟು ಸಾಧ್ಯತೆ ಇರೋವಾಗ ‘ಬೆಲ್ಜಿಯಂ’ ಅನ್ನೋದು ಒಂದು ಊಹೆ ಅಷ್ಟೇ.

ಮೈಸೂರು ಅರಮನೆಯ ಕಲ್ಯಾಣ ಮಂಟಪದ ನವಿಲಿನ ಬಣ್ಣದ ಗಾಜಿನ ಛಾವಣಿ ನೀವು ನೋಡಿರುತ್ತೀರಿ. ಅದರ ಕೆಳಗಿನ ಎರಕದ ಕಬ್ಬಿಣದ ಕಂಬಗಳು ಗ್ಲಾಸ್ಗೋದ ವಾಲ್ಟರ್ ಮ್ಯಾಕ್‌ಫಾರ್ಲೇನ್ ಕಂಪನಿಯದು ಅಂತ ಇವತ್ತು ಯಾರು ಬೇಕಾದರೂ ಹೇಳಬಹುದು, ಯಾಕಂದರೆ ಅರಮನೆಗೆ ದಾಖಲೆ ಇದೆ. ಜಾಂಬೋಟಿಯ ಪಡಸಾಲೆಗೆ ದಾಖಲೆ ಇಲ್ಲ. ಅಲ್ಲಿ ವಸ್ತುವೇ ದಾಖಲೆ, ಅದನ್ನು ಓದಬೇಕು.

ಹೇಗೆ ಓದೋದು? ನಾವು ಮೂವರು ವರ್ನಿಯರ್, ಥ್ರೆಡ್ ಗೇಜ್, ಅಡುಗೆಮನೆಯ ಡಿಜಿಟಲ್ ತಕ್ಕಡಿ, ಒಂದು ಯುವಿ ಟಾರ್ಚು ಹಿಡಿದು ಹೋದೆವು. ಇಡೀ ಕೆಲಸಕ್ಕೆ ಒಂದೇ ನಿಯಮ: ಯಾವ ವಸ್ತುವೂ ಅದರ ಮೂಲ ಭಾಗಗಳಲ್ಲಿ ಅತಿ ಹೊಸದಕ್ಕಿಂತ ಹಳೇದಾಗಿರೋಕೆ ಸಾಧ್ಯವಿಲ್ಲ. ಬದಲಾಯಿಸಿದ ಭಾಗ ರಿಪೇರಿಯ ಕಾಲ ಹೇಳುತ್ತದೆ, ತಯಾರಿಯ ಕಾಲ ಹೇಳಲ್ಲ. ಹಾಗಾಗಿ ಪ್ರತಿಯೊಂದು ಗುರುತಿಗೂ ‘ಇದು ಮೂಲದ್ದೋ, ಆಮೇಲೆ ಹಾಕಿದ್ದೋ’ ಅಂತ ಕೇಳಲೇಬೇಕು.

ಮೊದಲು ಜೋಡಣೆ. ಕ್ಯಾಂಪಿನ ಸೇಂಟ್ ಮೇರಿಸ್ ಚರ್ಚಿನಂಥ (1869) ಹಳೇ ಚರ್ಚುಗಳ ಕಿಟಕಿಗಳಲ್ಲಿ ಗಾಜನ್ನು ಹಿಡಿದಿಡೋದು ಸಾಮಾನ್ಯವಾಗಿ ಸೀಸದ ಪಟ್ಟಿ. ಅದರ ಅಡ್ಡಕೊಯ್ತ ಇಂಗ್ಲಿಷಿನ ಎಚ್ ಅಕ್ಷರದಂತೆ ಇರುತ್ತದೆ, ಎರಡೂ ಬದಿಯ ಗಾಟಿನಲ್ಲಿ ಗಾಜು ಕೂತಿರುತ್ತದೆ. ತಾಮ್ರದ ಪಟ್ಟಿಯ ಜೋಡಣೆಯಲ್ಲಿ ಗೆರೆ ಸಪೂರ, ಮೇಲೆ ಸೋಲ್ಡರ್ ದುಂಡಗೆ ಉಬ್ಬಿರುತ್ತದೆ. ಈ ಎರಡನೇ ವಿಧಾನ ದೀಪಗಳಿಗೆ ಬಳಕೆಗೆ ಬಂದದ್ದು 19ನೇ ಶತಮಾನದ ಕೊನೆಯ ಭಾಗದಲ್ಲಿ. ನಾವು ನೋಡಿದ ಝುಂಬರಿನದು ತಾಮ್ರದ ಪಟ್ಟಿ. ಮನೆಯಲ್ಲಿ ಹೇಳುತ್ತಿದ್ದ ‘ಇನ್ನೂರು ವರ್ಷ’ ಅಲ್ಲಿಗೇ ಬಿತ್ತು.

ಆಮೇಲೆ ಗಾಜು. ಹಾಲು ಬೆರೆಸಿದಂಥ, ಬಣ್ಣ ಹೊಯ್ದಾಡೋ ಗಾಜಿನ ಹಾಳೆಗೆ ಅಮೆರಿಕದ ಜಾನ್ ಲಾ ಫಾರ್ಜ್ 1880ರಲ್ಲಿ ಪೇಟೆಂಟ್ ಪಡೆದರು. ಕನ್ನಡಿಯಷ್ಟು ಸಪಾಟಾದ ಫ್ಲೋಟ್ ಗಾಜನ್ನು ಪಿಲ್ಕಿಂಗ್ಟನ್ ಕಂಪನಿ 1959ರಲ್ಲಿ ಪ್ರಕಟಿಸಿತು. ಗುಮ್ಮಟದಲ್ಲಿ ಎರಡು ಹಸಿರು ತುಂಡು ಮಾತ್ರ ಅತಿ ನುಣುಪು, ಉಳಿದವೆಲ್ಲ ಏರುಪೇರು. ಆ ಎರಡು ಆಮೇಲೆ ಹಾಕಿದವು ಅನ್ನೋದಕ್ಕೆ ಅವುಗಳ ಸುತ್ತಲಿನ ಸೋಲ್ಡರಿನ ಬೇರೆ ಹೊಳಪೂ ಸಾಕ್ಷಿ. ಆದರೆ ಏರುಪೇರು ಗಾಜು ಅಂದಕೂಡಲೇ ಹಳೇದು ಅಲ್ಲ, ಅಂಥದ್ದನ್ನು ಇವತ್ತೂ ಮಾಡುತ್ತಾರೆ. ಇನ್ನು ‘ಗಾಜು ಕೆಳಗೆ ಹರಿದು ಬುಡ ದಪ್ಪ ಆಗಿದೆ, ಅಷ್ಟು ಹಳೇದು’ ಅಂತ ಯಾರಾದರೂ ಅಂದರೆ ನಗಬೇಡಿ, ಆದರೆ ನಂಬಲೂ ಬೇಡಿ. ಕೋಣೆಯ ಉಷ್ಣತೆಯಲ್ಲಿ ಗಾಜು ಕಣ್ಣಿಗೆ ಕಾಣೋಷ್ಟು ಹರಿಯೋದಿಲ್ಲ. ಹಳೇ ಗಾಜು ಒಂದೇ ದಪ್ಪ ಇಲ್ಲದ್ದು ಮಾಡಿದ ವಿಧಾನದಿಂದ.

ಬಣ್ಣದಿಂದ ಕಾಲ ಹೇಳೋದೂ ಕಷ್ಟ. ಗಾಜಿಗೆ ನೀಲಿ ಕೊಡೋದು ಕೋಬಾಲ್ಟ್, ಹಸಿರು ಕೊಡೋದು ಕ್ರೋಮಿಯಂ, ತಾಮ್ರ ಅಥವಾ ಕಬ್ಬಿಣ. ಖಾನಾಪುರದಲ್ಲಿ ಕುಂಬಾರಿಕೆ ಕಲಿಸೋ ಸಂಸ್ಥೆ ಇದೆ, ಅಲ್ಲಿ ಮಡಕೆಯ ಮೆರುಗಿನ ಬಣ್ಣ ಹೇಗೆ ಬರುತ್ತದೆ ಅಂತ ಕೇಳಿ ನೋಡಿ, ಇವೇ ಆಕ್ಸೈಡುಗಳ ಹೆಸರು ಹೇಳುತ್ತಾರೆ. ಶತಮಾನಗಳಿಂದ ನಡೆದು ಬಂದದ್ದು ಇದು. ಯುವಿ ಟಾರ್ಚಿಗೆ ಯುರೇನಿಯಂ ಗಾಜು ಕಡು ಹಸಿರು ಬೆಳಗುತ್ತದೆ, ಮ್ಯಾಂಗನೀಸ್ ಇದ್ದರೆ ಮಂಕು ಹಸಿರು. ಅದು ಒಳಗೆ ಏನಿದೆ ಅನ್ನೋದರ ಸುಳಿವು, ಹುಟ್ಟಿದ ವರ್ಷದ ಸರ್ಟಿಫಿಕೇಟ್ ಅಲ್ಲ. ನಮ್ಮ ಝುಂಬರಿನಲ್ಲಿ ಏನೂ ಬೆಳಗಲಿಲ್ಲ, ಅದನ್ನೂ ಬರೆದುಕೊಂಡೆವು.

ಲೋಲಕಕ್ಕೆ ಆರ್ಕಿಮಿಡಿಸ್ ಸಾಕು. ಒಂದು ಲೋಲಕವನ್ನು ಗಾಳಿಯಲ್ಲಿ ತೂಗಿ, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿ. 60 ಗ್ರಾಂ ತುಂಡು ನೀರಿನಲ್ಲಿ 24 ಗ್ರಾಂ ಕಳಕೊಂಡರೆ ಸಾಂದ್ರತೆ 2.5, ಅದು ಸಾಮಾನ್ಯ ಸೋಡಾ ಗಾಜು. 20 ಗ್ರಾಂ ಕಳಕೊಂಡರೆ 3.0, ಅದು ಸೀಸ ಬೆರೆಸಿದ ಕ್ರಿಸ್ಟಲ್, ಹೆಚ್ಚು ಬೆಲೆಯದು. ನಮ್ಮದು 2.5ರ ಹತ್ತಿರ ಬಂತು. ‘ಅಸಲಿ ಕ್ರಿಸ್ಟಲ್’ ಅನ್ನೋ ಮಾತೂ ಬಿತ್ತು.

ಕೊನೆಗೆ ಲೋಹ ಮತ್ತು ವೈರಿಂಗ್. ಈ ಭಾಗವನ್ನು ಕೊಳ್ಳೋರೂ ಮಾರೋರೂ ನೋಡೋದೇ ಇಲ್ಲ, ಆದರೆ ಹೆಚ್ಚು ಮಾತಾಡೋದು ಇದೇ. ಮೊದಲೇ ಒಂದು ಮಾತು: ಮೇನ್ ಸ್ವಿಚ್ ಆಫ್ ಮಾಡದೆ ಏಣಿ ಹತ್ತಬೇಡಿ. ನಾಲ್ಕು ಮೂಲೆಯ ನಕ್ಷತ್ರದ ಗಾಟು ಇರೋ ಫಿಲಿಪ್ಸ್ ಸ್ಕ್ರೂ ಬಳಕೆಗೆ ಬಂದದ್ದು 1930ರ ದಶಕದಲ್ಲಿ. ಬೇಕಲೈಟ್ ಜಗತ್ತಿಗೆ ಗೊತ್ತಾಗಿದ್ದು 1909ರಲ್ಲಿ. ಥ್ರೆಡ್ ಇಂಚಿನ ಲೆಕ್ಕದ್ದೋ ಮಿಲಿಮೀಟರಿನದೋ ನೋಡಿ, ನಮ್ಮ ದೇಶ 1956ರ ಕಾಯ್ದೆಯ ನಂತರ ಹಂತ ಹಂತವಾಗಿ ಮೆಟ್ರಿಕ್ಕಿಗೆ ಬಂತು. ಹೋಲ್ಡರು ಒತ್ತಿ ತಿರುಗಿಸೋದಾದರೆ ಬ್ರಿಟಿಷ್ ಪದ್ಧತಿ, ತಿರುಪಿನದಾದರೆ ಬೇರೆ ಕಡೆಯದು. ಅಮೆರಿಕದ ತಿರುಪು 26 ಮಿ.ಮೀ., ಯುರೋಪಿನದು 27. ಇಲ್ಲಿ ಇದ್ದದ್ದು ಬೇಕಲೈಟಿನ ಒತ್ತಿ ತಿರುಗಿಸೋ ಹೋಲ್ಡರು, ಇಂಚಿನ ಥ್ರೆಡ್, ಉದ್ದ ಗಾಟಿನ ಸ್ಕ್ರೂಗಳು, ನಡುವೆ ಎರಡು ಫಿಲಿಪ್ಸ್. ಗುಮ್ಮಟದ ಒಳಗೆ ಇಂಚಿಂಚು ಹುಡುಕಿದರೂ ಮುದ್ರೆ ಇಲ್ಲ.

ಅಲ್ಲೇ ಕೂತು ಒಂದು ಹಾಳೆ ಬರೆದೆವು. ಮೂರು ಕಲಂ. ಮೊದಲನೆಯದು ‘ಅಳೆದದ್ದು’: ವ್ಯಾಸ, ತೂಕ, ಸಾಂದ್ರತೆ, ಥ್ರೆಡ್, ಬಿರುಕುಗಳ ಲೆಕ್ಕ, ಇಲ್ಲದ ಲೋಲಕ ನಾಲ್ಕು. ಎರಡನೆಯದು ‘ಅದರಿಂದ ತಿಳಿಯೋದು’: 19ನೇ ಶತಮಾನದ ಕೊನೆಗಿಂತ ಹಿಂದಿನದಲ್ಲ, ಲೋಹದ ಭಾಗಗಳು ಮೂಲದವೇ ಆಗಿದ್ದರೆ ಮೆಟ್ರಿಕ್ಕಿಗಿಂತ ಮುಂಚಿನದು ಇರಬಹುದು, ಎರಡು ಗಾಜು ಆಮೇಲಿನವು. ಮೂರನೆಯದು ‘ಗೊತ್ತಿಲ್ಲದ್ದು’: ಮಾಡಿದವರು, ದೇಶ, ಖಚಿತ ವರ್ಷ. ಟಿಫಾನಿ ಅನ್ನೋದಕ್ಕೆ ಒಂದೂ ಆಧಾರ ಇಲ್ಲ ಅಂತ ಸ್ಪಷ್ಟವಾಗಿ ಬರೆದೆವು. ಲಿಲಾವಿನ ಕಥೆಯನ್ನು ‘ಮನೆಯವರು ಹೇಳಿದ್ದು’ ಅಂತ ಬೇರೆ ಬರೆದೆವು. ಬೆಲೆ ಬರೆಯಲಿಲ್ಲ.

“ಇಷ್ಟೆಲ್ಲ ಮಾಡಿ ರೇಟಾ ಬರೀಲಿಲ್ಲಂದ್ರ ಏನ್ ಉಪಯೋಗ?” ಅಂತ ದೊಡ್ಡ ಕಾಕಾ ಕೇಳಿದರು. ನ್ಯಾಯವಾದ ಪ್ರಶ್ನೆ. ಉತ್ತರ ಏನಂದರೆ, ಒಂದು ವಸ್ತುವಿಗೆ ಒಂದೇ ಬೆಲೆ ಇರಲ್ಲ. ಅಂಥದ್ದೇ ಅಂಗಡಿಯಲ್ಲಿ ಕೊಂಡರೆ ಎಷ್ಟು ಅನ್ನೋದು ಒಂದು ಬೆಲೆ. ಹರಾಜಿನಲ್ಲಿ ಅವಸರವಿಲ್ಲದ ಮಾರಾಟಗಾರ, ತಿಳಿದ ಗಿರಾಕಿ ಸೇರಿದರೆ ಎಷ್ಟು ಅನ್ನೋದು ಎರಡನೇ ಬೆಲೆ. ವ್ಯಾಪಾರಿ ಇವತ್ತು ನಗದು ಎಷ್ಟು ಕೊಡುತ್ತಾನೆ ಅನ್ನೋದು ಮೂರನೇ ಬೆಲೆ, ಇದು ಯಾವಾಗಲೂ ಎಲ್ಲಕ್ಕಿಂತ ಕಡಿಮೆ. ಪುಣೆಯ ಅಣ್ಣ ನೋಡಿದ್ದು ಈ ಮೂರೂ ಅಲ್ಲ. ಅದು ಯಾರೋ ಕೇಳಿದ ಬೆಲೆ. ಕೇಳಿದ ಬೆಲೆಗೂ ಮಾರಾಟವಾದ ಬೆಲೆಗೂ ಸಂಬಂಧ ಇರಲೇಬೇಕು ಅಂತೇನಿಲ್ಲ. ಹೋಲಿಸೋದಾದರೆ ಮಾರಾಟವಾದದ್ದರ ಜೊತೆ ಹೋಲಿಸಬೇಕು, ಅದೂ ಸಹಿ ಇಲ್ಲದ್ದನ್ನು ಸಹಿ ಇಲ್ಲದ್ದರ ಜೊತೆ.

ಇಲ್ಲಿ ವ್ಯಾಪಾರಿಯನ್ನು ಕಳ್ಳ ಅನ್ನೋದು ಸುಲಭ, ನಾನು ಹಾಗನ್ನಲ್ಲ. ಅವನು ಘಾಟಿನ ರಸ್ತೆಯಲ್ಲಿ ಗಾಜು ಸಾಗಿಸಬೇಕು, ಒಡೆದರೆ ಅವನದೇ ನಷ್ಟ, ಗಿರಾಕಿ ಬರೋ ತನಕ ತಿಂಗಳುಗಟ್ಟಲೆ ರೊಕ್ಕ ಕೂತಿರುತ್ತದೆ. ಕಡಿಮೆಗೆ ಕೊಳ್ಳೋದು ಅವನ ಕಸುಬು. ತಕರಾರು ಇರೋದು ಒಂದೇ ಕಡೆ: ಕೊಳ್ಳೋನೇ ಬೆಲೆ ಕಟ್ಟೋನೂ ಆಗಬಾರದು. ಬೆಲೆ ಹೇಳಿ ಅದರ ಮೇಲೆ ಶೇಕಡಾ ಲೆಕ್ಕದಲ್ಲಿ ಫೀ ಕೇಳೋರೂ ಬೇಡ, ಬೆಲೆ ಏರಿಸಿದಷ್ಟೂ ಅವರಿಗೇ ಲಾಭ. ನಿಗದಿತ ಫೀ ತಗೊಂಡು, ತಾನು ಕೊಳ್ಳೋದಿಲ್ಲ ಅಂತ ಹೇಳಿ, ಬರೆದು ಕೊಡೋರು ಬೇಕು. ಅಂಥವರಿಗೆ ಫೋಟೋ ಜೊತೆ ನಮ್ಮ ಹಾಳೆ ಕಳಿಸಬಹುದು. ಹಾಳೆಯ ಉಪಯೋಗ ಅದೇ. ಬೇರೆ ಬೇರೆ ಊರಿನ ಮೂವರು ನೋಡಿದರೂ ಒಂದೇ ವಸ್ತುವಿನ ಬಗ್ಗೆ ಮಾತಾಡುತ್ತಾರೆ.

ಕಾನೂನಿನ ವಿಷಯ ನಮ್ಮವರಿಗೆ ಬಹಳ ಮಂದಿಗೆ ಗೊತ್ತಿಲ್ಲ. 1972ರ ಪುರಾವಸ್ತು ಮತ್ತು ಕಲಾಸಂಪತ್ತು ಕಾಯ್ದೆಯ ಪ್ರಕಾರ, ಹಿಂದಿನ ಕಾಲದ ಕಲೆ, ಕಸುಬು ತೋರಿಸೋ ವಸ್ತು ಕನಿಷ್ಠ ನೂರು ವರ್ಷದ್ದಾದರೆ ಅದು ಪುರಾವಸ್ತು ಆಗಬಹುದು. ಅಂಥವುಗಳ ವ್ಯಾಪಾರ ಮಾಡೋರಿಗೆ ಲೈಸೆನ್ಸ್ ಬೇಕು. ಖಾಸಗಿಯವರು ಅವನ್ನು ದೇಶದ ಹೊರಗೆ ಕಳಿಸೋ ಹಾಗೇ ಇಲ್ಲ. ಹೀಗಿರುವಾಗ ಸುಮ್ಮನೆ ಬೆಲೆ ಏರಲಿ ಅಂತ ‘150 ವರ್ಷ ಹಳೇದು, ವಿದೇಶಕ್ಕೂ ಕಳಿಸುತ್ತೇವೆ’ ಅಂತ ಜಾಹೀರಾತು ಹಾಕೋರು ಒಂದೇ ಸಾಲಿನಲ್ಲಿ ತಮ್ಮ ಮೇಲೆ ತಾವೇ ದೂರು ಬರೆದುಕೊಂಡ ಹಾಗೆ. ಸಂಶಯ ಇದ್ದರೆ ಕೇಳೋಕೆ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಕಚೇರಿ ಧಾರವಾಡದಲ್ಲೇ ಇದೆ.

ಇನ್ನೊಂದು ಕಾಳಜಿ. ಮಾರೋ ಮುಂಚೆ ಲಕಲಕ ಮಾಡೋಣ ಅಂತ ಹುಣಸೆಹಣ್ಣು ಹಚ್ಚಿ ತಿಕ್ಕಬೇಡಿ, ವಿನೆಗರ್ ಅಂತೂ ಬೇಡವೇ ಬೇಡ. ಆಮ್ಲಕ್ಕೆ ಸೀಸ ಕರಗುತ್ತದೆ, ಲೋಹದ ಹಳೇ ಬಣ್ಣ ಹೋದರೆ ವಯಸ್ಸಿನ ಸಾಕ್ಷಿಯೂ ಹೋಯಿತು, ಬೆಲೆಯೂ ಹೋಯಿತು. ಒಣ ಮೆತ್ತನೆ ಬ್ರಷ್ ಸಾಕು. ಸೋಲ್ಡರಿನಲ್ಲೂ ಸೀಸ ಇರುತ್ತದೆ, ಮುಟ್ಟಿದ ಮೇಲೆ ಕೈ ತೊಳೆಯದೆ ಊಟಕ್ಕೆ ಕೂರಬೇಡಿ.

‘ನಾವೇನು ತಜ್ಞರಾ?’ ಅಂತ ನಮ್ಮ ಕ್ಲಬ್ಬಿನ ಸಭೆಯಲ್ಲಿ ಒಬ್ಬರು ಕೇಳಿದರು. ಅಲ್ಲ. ಅದಕ್ಕೇ ಹಾಳೆಯಲ್ಲಿ ಮೂರನೇ ಕಲಂ ಇದೆ. ನಾಲ್ಕು ವರ್ಷ ಲ್ಯಾಬ್ ರೆಕಾರ್ಡಿನಲ್ಲಿ ಗೆಳೆಯರ ರೀಡಿಂಗ್ ಇಳಿಸಿಕೊಂಡೇ ಪಾಸಾಗೋ ನಮಗೆ, ಉತ್ತರ ಯಾರಿಗೂ ಗೊತ್ತಿಲ್ಲದ ಒಂದು ವಸ್ತುವನ್ನು ಅಳೆದು, ಬಂದದ್ದನ್ನು ಬಂದ ಹಾಗೆ ಬರೆಯೋದು ಒಳ್ಳೇ ಪಾಠ. ಮನೆಯವರ ಆಸೆಗೆ ತಕ್ಕ ಹಾಗೆ ರೀಡಿಂಗ್ ತಿದ್ದಬೇಕು ಅನ್ನೋ ಒತ್ತಡ ಅಲ್ಲಿ ಲ್ಯಾಬಿಗಿಂತ ಜಾಸ್ತಿ ಇರುತ್ತದೆ. ಗೆಳೆಯನ ಅಪ್ಪನಿಗೆ ‘ನಿಮ್ಮದು ಟಿಫಾನಿ ಅಲ್ಲರೀ’ ಅಂತ ಮುಖಕ್ಕೆ ಹೇಳೋದು ಯಾವ ವೈವಾಗಿಂತ ಸುಲಭ ಇರಲಿಲ್ಲ.

ಆ ಝುಂಬರ್ ಇನ್ನೂ ಮಾರಾಟವಾಗಿಲ್ಲ. ಹಾಳೆಯ ಮೇಲೆ ಕಾಕಾಗಳಿಬ್ಬರೂ ಗೆಳೆಯನ ಅಪ್ಪನೂ ಸಹಿ ಹಾಕಿದ್ದಾರೆ. ಕೊಳ್ಳೋ ಆಸೆ ಇಲ್ಲದ ಇಬ್ಬರಿಂದ ಬೆಲೆ ಬರೆಸೋದು, ಎರಡರ ಸರಾಸರಿ ಹಿಡಿಯೋದು, ಇಟ್ಟುಕೊಳ್ಳೋರು ಉಳಿದವರಿಗೆ ಅಷ್ಟರ ಪಾಲು ಕೊಡೋದು ಅಂತ ತೀರ್ಮಾನವಾಗಿದೆ. ಮಾತು ಮತ್ತೆ ಶುರುವಾಗಿದೆ. “ದೀಪ ಒಂದಾ ಐತಿ, ಮನಿ ಮೂರ ಆಗಾಕತ್ತಾವ” ಅಂತ ಆಯಿ ಅಂದದ್ದಕ್ಕೆ ಮಾತ್ರ ನಮ್ಮ ಹಾಳೆಯಲ್ಲಿ ಕಲಂ ಇರಲಿಲ್ಲ.

ಈ ಸಲ ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ನಿಮ್ಮ ಮನೆಯ, ಅಕ್ಕಪಕ್ಕದ ಮನೆಯ ಒಂದು ಹಳೇ ದೀಪವೋ ಗಡಿಯಾರವೋ ಕನ್ನಡಿಯೋ ಹಿಡಿದು ಒಂದು ಹಾಳೆ ಬರೆಯಿರಿ. ಮಾರೋದಿದ್ದರೂ ಸರಿ, ಇಲ್ಲದಿದ್ದರೂ ಸರಿ. ಹಿರಿಯರು ಹೇಳೋ ಕಥೆಯನ್ನು ಅವರ ಮಾತಿನಲ್ಲೇ ಹಿಂಬದಿಯಲ್ಲಿ ಬರೆಯಿರಿ, ತಾರೀಖು ಹಾಕಿ. ಮಾದರಿ ಹಾಳೆ ಕ್ಲಬ್ಬಿನ ಕಪಾಟಿನಲ್ಲಿದೆ, ಥ್ರೆಡ್ ಗೇಜು ಮತ್ತು ಯುವಿ ಟಾರ್ಚು ಬೇಕಾದವರು ರಿಜಿಸ್ಟರಿನಲ್ಲಿ ಹೆಸರು ಬರೆದು ಒಯ್ಯಬಹುದು.